ಸುತ್ತು ಹಾಕುವ ಕಾರು, ನೇರ ಹೋಗುವ ಸೈಕಲ್ಲು

ಸೋಮವಾರ, ಆಮ್‌ಸ್ಟರ್‌ಡ್ಯಾಮ್

ರಸ್ತೆ ಕಾಮಗಾರಿಗಳ ಅಂದಾಜುಪಟ್ಟಿ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಹೊಸ ಊರಿನಲ್ಲಿ ನನ್ನ ಕಣ್ಣು ಮೊದಲು ಬೀಳುವುದು ನೆಲದ ಮೇಲೆ. ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲು ಎಷ್ಟು ಎತ್ತರ, ಮಳೆನೀರು ಯಾವ ಕಡೆಗೆ ಇಳಿಜಾರು, ಡಾಂಬರಿಗೆ ಎಲ್ಲೆಲ್ಲಿ ತೇಪೆ. ನೆದರ್ಲೆಂಡ್ಸ್‌ನಲ್ಲಿ ಈ ಚಟಕ್ಕೆ ಹಬ್ಬ. ಜೊತೆಗಿದ್ದ ಅಕ್ಕನಿಗೆ ಮಾತ್ರ ಬೇಸರ. ಅವಳು ಯೂಟ್ರೆಕ್ಟ್‌ನಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. "ಲೋ, ತಲೆ ಎತ್ತಿ ನೋಡೋ, ಆ ಕಟ್ಟಡಗಳನ್ನ ನೋಡೋಕೆ ಜನ ಪ್ರಪಂಚದ ಮೂಲೆಮೂಲೆಯಿಂದ ಬರ್ತಾರೆ" ಅಂತ ರೇಗುತ್ತಲೇ ಇದ್ದಳು.

ಸೆಂಟ್ರಲ್ ಸ್ಟೇಷನ್ನಿನ ಎದುರಿಗೆ ನೀರು, ಅಂಚಿನಲ್ಲಿ ಪ್ರವಾಸಿಗರ ದೋಣಿಗಳು. ಆ ನೀರಿನ ಅಡಿಯಲ್ಲಿ 7,000 ಸೈಕಲ್ ನಿಲ್ಲುವ ನಿಲ್ದಾಣವಿದೆ. 2023ರ ಜನವರಿಯಲ್ಲಿ ಶುರುವಾಯಿತು. ಅಲ್ಲಿದ್ದ ನೀರನ್ನೆಲ್ಲ ಪಂಪ್ ಮಾಡಿ ಹೊರಹಾಕಿ, ಗುಂಡಿಯಲ್ಲಿ ಕಾಂಕ್ರೀಟ್ ಪೆಟ್ಟಿಗೆ ಕಟ್ಟಿ, ಮೇಲೆ ಮತ್ತೆ ನೀರು ಬಿಟ್ಟಿದ್ದಾರೆ. ಸೈಕಲ್ ಹಿಡಿದುಕೊಂಡು ನಿಂತರೆ ಇಳಿಜಾರಾದ ಚಲಿಸುವ ಪಟ್ಟಿ ಕೆಳಗೆ ಒಯ್ಯುತ್ತದೆ. ಒಳಗೆ ಬೆಳಕು ಹಗಲಿನ ಹಾಗೆ, ವಾಸನೆ ಇಲ್ಲ, ಕತ್ತಲ ಮೂಲೆ ಇಲ್ಲ. ಅಲ್ಲಿಂದಲೇ ಮೆಟ್ರೋ, ರೈಲಿಗೆ ದಾರಿ.

ಖರ್ಚು ಸುಮಾರು 6 ಕೋಟಿ ಯೂರೋ. ನನ್ನ ತಲೆ ತಾನಾಗಿಯೇ ಭಾಗಾಕಾರ ಮಾಡಿತು. ಒಂದು ಸೈಕಲ್ ನಿಲ್ಲಿಸುವ ಜಾಗಕ್ಕೆ ಎಂಟೂವರೆ ಸಾವಿರ ಯೂರೋ! "ಇದೇನಕ್ಕಾ, ಇಷ್ಟು ದುಡ್ಡಿಗೆ ಎಂಥ ಸೈಕಲ್ ಬರ್ತಿತ್ತು" ಅಂದೆ. ಅಕ್ಕ ಮೆಟ್ಟಿಲ ಕಡೆ ಕೈ ತೋರಿಸಿದಳು. ಸೈಕಲ್ ಬಿಟ್ಟವರೆಲ್ಲ ಪ್ಲಾಟ್‌ಫಾರಂ ಕಡೆಗೇ ಓಡುತ್ತಿದ್ದರು. ಈ ದೇಶದಲ್ಲಿ ರೈಲು ಹತ್ತುವವರಲ್ಲಿ ಹತ್ತಕ್ಕೆ ನಾಲ್ವರ ಆಸುಪಾಸು ಸ್ಟೇಷನ್ನಿಗೆ ಬರುವುದು ಸೈಕಲ್ ಮೇಲೆ. ಅಂದರೆ ಇದು ಸೈಕಲ್ಲಿಗೆ ಹಾಕಿದ ದುಡ್ಡು ಎನ್ನುವುದಕ್ಕಿಂತ ರೈಲಿಗೆ ಪ್ರಯಾಣಿಕರನ್ನು ಒದಗಿಸಲು ಹಾಕಿದ ದುಡ್ಡು. ಅವರಷ್ಟೂ ಜನ ಕಾರಿನಲ್ಲಿ ಬಂದಿದ್ದರೆ ಪಾರ್ಕಿಂಗಿಗೆ ಎಷ್ಟು ಎಕರೆ ಬೇಕಾಗುತ್ತಿತ್ತು ಅಂತ ಯೋಚಿಸಿದ ಮೇಲೆ ನನ್ನ ಭಾಗಾಕಾರ ಅಷ್ಟು ಭಯಂಕರವಾಗಿ ಕಾಣಲಿಲ್ಲ.

ಸ್ಟೇಷನ್ನಿನ ಹಿಂಬದಿಯಲ್ಲಿ ಐ ಎಂಬ ಅಗಲವಾದ ಜಲಮಾರ್ಗ. ಆಚೆ ದಡಕ್ಕೆ ಹೋಗಲು ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಫೆರಿ ಉಚಿತ. ಟಿಕೆಟ್ ಇಲ್ಲ, ಗೇಟೂ ಇಲ್ಲ. ದೋಣಿ ತಾಗಿದ ಕೂಡಲೇ ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡು ಕಾದಿದ್ದ ಗುಂಪು ಒಮ್ಮೆಗೇ ನುಗ್ಗಿತು.

ಮಂಗಳವಾರ, ಯೂಟ್ರೆಕ್ಟ್

ಇಲ್ಲಿನ ಸ್ಟೇಷನ್ನಿನ ಸೈಕಲ್ ನಿಲ್ದಾಣ ಆಮ್‌ಸ್ಟರ್‌ಡ್ಯಾಮಿನದಕ್ಕಿಂತ ಹಳೆಯದು, ಅದಕ್ಕಿಂತ ದೊಡ್ಡದು. 2017ರಲ್ಲಿ ಒಂದು ಭಾಗ ಶುರುವಾಗಿ 2019ರಲ್ಲಿ ಪೂರ್ತಿಯಾಯಿತು. ಮೂರು ಅಂತಸ್ತು, 12,500 ಸೈಕಲ್. ವಿಶೇಷವೆಂದರೆ ಇಲ್ಲಿ ಸೈಕಲ್ ಇಳಿಯಬೇಕಾಗಿಯೇ ಇಲ್ಲ. ರಸ್ತೆಯ ಕೆಂಪು ಸೈಕಲ್ ಪಥ ಹಾಗೆಯೇ ಒಳಗೆ ಹರಿದು, ತಿರುವು ತಿರುವಾಗಿ ಅಂತಸ್ತಿನಿಂದ ಅಂತಸ್ತಿಗೆ ಏರುತ್ತದೆ. ಪ್ರತಿ ಸಾಲಿನ ತುದಿಯಲ್ಲಿ ಎಷ್ಟು ಜಾಗ ಖಾಲಿ ಎಂಬ ಅಂಕಿ ಹೊಳೆಯುತ್ತಿರುತ್ತದೆ. ಮೊದಲ 24 ಗಂಟೆ ಬಿಟ್ಟಿ. ಅಕ್ಕ ತನ್ನ ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಮೆಟ್ಟಿಲು ಹತ್ತಿ ಪ್ಲಾಟ್‌ಫಾರಂ ಮುಟ್ಟುವವರೆಗೆ ನಾನು ಗಡಿಯಾರ ನೋಡುತ್ತಿದ್ದೆ. ಮೂರು ನಿಮಿಷವೂ ಹಿಡಿಯಲಿಲ್ಲ, ಮಂಡಿನೋವಿನ ಸಮೇತ.

ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಹಳೆಯ ಊರನ್ನು ಬಳಸಿದ ಕಾಲುವೆ. 1970ರ ದಶಕದಲ್ಲಿ ಅದರ ಈ ಭಾಗದ ನೀರು ಬಸಿದು ಮೋಟಾರು ಹೆದ್ದಾರಿ ಮಾಡಿದ್ದರು. ಆಗ ಅದು ಮುಂದುವರಿದ ಊರಿನ ಲಕ್ಷಣ. 2002ರಲ್ಲಿ ಊರಿನ ಜನ ಮತ ಹಾಕಿ ಕಾಲುವೆ ವಾಪಸು ಬೇಕೆಂದರು. 2020ರ ಸೆಪ್ಟೆಂಬರಿನಲ್ಲಿ ನೀರು ಬಂತು. ಈಗ ದಂಡೆಯ ಮೇಲೆ ನಡೆಯುವವರು, ಹುಲ್ಲಿನ ಮೇಲೆ ಕೂತವರು, ನೀರಲ್ಲಿ ದೋಣಿಗಳು. ಹೆದ್ದಾರಿ ಮಾಡಲು ಒಂದು ಸಲ, ಅದನ್ನು ಅಳಿಸಲು ಇನ್ನೊಂದು ಸಲ ಖರ್ಚು. ನನ್ನ ವೃತ್ತಿಯವರು ಈ ದಂಡೆಯ ಮೇಲೆ ಅರ್ಧ ಗಂಟೆ ಕೂತರೆ ಒಳ್ಳೆಯದು.

ಮಧ್ಯಾಹ್ನ ಊರ ಪಶ್ಚಿಮಕ್ಕೆ, ಓಟಗಾರ್ತಿ ಡಾಫ್ನೆ ಸ್ಕಿಪ್ಪರ್ಸ್ ಹೆಸರಿನ ಸೇತುವೆಗೆ ಹೋದೆವು. ಆಮ್‌ಸ್ಟರ್‌ಡ್ಯಾಮ್-ರೈನ್ ಕಾಲುವೆಯಲ್ಲಿ ಸರಕು ಹಡಗುಗಳು ಓಡಾಡುವುದರಿಂದ ಸೇತುವೆ ಎತ್ತರದಲ್ಲಿರಬೇಕು. ಎತ್ತರ ಏರಲು ಉದ್ದನೆಯ ಇಳಿಜಾರು ಬೇಕು. ಇಳಿಜಾರಿಗೆ ಜಾಗವಿಲ್ಲ, ಅಲ್ಲೊಂದು ಶಾಲೆ. ಶಾಲೆಯ ಮಾಳಿಗೆಯ ಮೇಲೆಯೇ ಸೈಕಲ್ ದಾರಿಯನ್ನು ಬಾಗಿಸಿ ಒಯ್ದುಬಿಟ್ಟಿದ್ದಾರೆ. 2017ರಲ್ಲಿ ಶಾಲೆ, ಸೇತುವೆ, ಪಾರ್ಕು ಮೂರೂ ಒಟ್ಟಿಗೆ ಸಿದ್ಧವಾದವು. ಇದರ ವಿನ್ಯಾಸಕ್ಕಿಂತ ನನಗೆ ಅಚ್ಚರಿ ತಂದದ್ದು ಕಡತ. ಶಾಲೆಗೆ ಒಂದು ಲೆಕ್ಕಶೀರ್ಷಿಕೆ, ಸೇತುವೆಗೆ ಇನ್ನೊಂದು, ಉದ್ಯಾನಕ್ಕೆ ಮತ್ತೊಂದು ಇರುವ ಜಗತ್ತಿನಲ್ಲಿ ಮೂರನ್ನೂ ಒಂದೇ ನಕ್ಷೆಯಲ್ಲಿ ಕೂರಿಸಿದ ಅಧಿಕಾರಿ ಎಷ್ಟು ಸಭೆ ನಡೆಸಿರಬೇಕು!

ಸಂಜೆ ಅಕ್ಕನ ಬೀದಿಯ ಬಾಯಲ್ಲಿ ನಾನು ಕುಕ್ಕರಗಾಲಲ್ಲಿ ಕೂತು ನೆಲ ನೋಡಿದ್ದು ಬೇರೆ ವಿಷಯ. ದೊಡ್ಡ ರಸ್ತೆಯ ಫುಟ್‌ಪಾತು ಅಡ್ಡರಸ್ತೆ ಬಂದಲ್ಲಿ ತುಂಡಾಗುವುದಿಲ್ಲ. ಅದೇ ಎತ್ತರದಲ್ಲಿ, ಅದೇ ಹಾಸುಬಿಲ್ಲೆಗಳಲ್ಲಿ ಅಡ್ಡರಸ್ತೆಯ ಮೇಲೆಯೇ ಹಾದುಹೋಗುತ್ತದೆ. ಅದರ ಎರಡೂ ಅಂಚಿಗೆ ಓರೆಯಾದ ಕಾಂಕ್ರೀಟ್ ಕಲ್ಲು ಜೋಡಿಸಿದ್ದಾರೆ. ಒಳಗೆ ತಿರುಗುವ ಕಾರು ಆ ಓರೆಯನ್ನು ಹತ್ತಿ, ಫುಟ್‌ಪಾತ್ ದಾಟಿ, ಮತ್ತೆ ಇಳಿಯಬೇಕು. ವೇಗವಾಗಿ ಬಂದರೆ ಚಾಲಕನ ತಲೆ ಕಾರಿನ ಚಾವಣಿಗೆ ಬಡಿಯುತ್ತದೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಬೋರ್ಡು ಇಲ್ಲ. ಮಂಡಿನೋವಿನ ಅಕ್ಕ ಮನೆಯಿಂದ ಅಂಗಡಿಯವರೆಗೆ ಒಂದೂ ಮೆಟ್ಟಿಲು ಇಳಿಯದೆ ಹೋಗುತ್ತಾಳೆ. ಕಾರಿನವನು ಅವಳ ನೆಲಕ್ಕೆ ಬಂದು ಹೋಗುವ ಅತಿಥಿ. ಒಂದು ಬೀದಿಯ ಬಾಯಿಗೆ ನಾಲ್ಕಾರು ಓರೆ ಕಲ್ಲು, ಒಂದು ದಿನದ ಕೆಲಸ. ಬೆಳಿಗ್ಗೆ ನೋಡಿದ ಮೂರಂತಸ್ತಿನ ನಿಲ್ದಾಣದ ಜೊತೆ ಇದನ್ನು ತೂಗಿದರೆ ನನ್ನ ಮತ ಈ ಓರೆ ಕಲ್ಲಿಗೇ.

ಬುಧವಾರ, ಹೌಟನ್

ಯೂಟ್ರೆಕ್ಟ್‌ನಿಂದ ರೈಲಿನಲ್ಲಿ ಹತ್ತೇ ನಿಮಿಷ. ಬುಧವಾರವೇ ಬಂದದ್ದು ಅಕ್ಕನ ಹಟಕ್ಕೆ. ಇಲ್ಲಿ ಬಹಳಷ್ಟು ಪ್ರಾಥಮಿಕ ಶಾಲೆಗಳು ಬುಧವಾರ ಮಧ್ಯಾಹ್ನಕ್ಕೇ ಬಿಡುತ್ತವೆ. "ಮಕ್ಕಳು ಮನೆಗೆ ಹೋಗೋದನ್ನ ನೋಡು, ಆಮೇಲೆ ನಿನ್ನ ಕರ್ಬ್ ಕಲ್ಲು ಅಳಿ" ಅಂದಳು.

ಹೌಟನ್ ಕೆಲವೇ ಸಾವಿರ ಜನರ ಹಳ್ಳಿಯಾಗಿತ್ತು. ಯೂಟ್ರೆಕ್ಟ್ ಉಕ್ಕಿ ಹರಿಯುತ್ತಿದ್ದಾಗ ಸರ್ಕಾರ ಇದನ್ನು ಬೆಳೆಸಬೇಕಾದ ಊರು ಎಂದು ಗುರುತಿಸಿತು. ರಾಬ್ ಡೆರ್ಕ್ಸ್ ಎಂಬ ವಾಸ್ತುಶಿಲ್ಪಿ 1970ರ ದಶಕದಲ್ಲಿ ನಕ್ಷೆ ಬರೆದರು. ಈಗ 50,000 ಜನ. ಊರ ಸುತ್ತ ವರ್ತುಲ ರಸ್ತೆ, ಒಳಗೆ ಬಡಾವಣೆಗಳು. ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಕಾರಿನಲ್ಲಿ ಹೋಗಬೇಕಾದರೆ ಮೊದಲು ವರ್ತುಲಕ್ಕೆ ಹೋಗಿ, ಅದರ ಮೇಲೆ ಸುತ್ತಿ, ಮತ್ತೆ ಒಳಗೆ ಬರಬೇಕು. ಸೈಕಲ್ಲಿನವರು, ನಡೆಯುವವರು ಸೀದಾ ಹೋಗುತ್ತಾರೆ. ಊರಿನ ನಡುವೆ ಬೆನ್ನೆಲುಬಿನಂತೆ ಹಸಿರು ದಾರಿ, ಅದರ ಮಗ್ಗುಲಲ್ಲೇ ಶಾಲೆಗಳು, ನಡುವೆ ಸ್ಟೇಷನ್. ಹಳಿಗಳ ಕೆಳಗೇ ಸೈಕಲ್ ನಿಲ್ದಾಣ. ಇಲ್ಲಿ ಕಾರಿಗೆ ನಿಷೇಧವೇನೂ ಇಲ್ಲ, ಪ್ರತಿ ಮನೆಯ ಬಾಗಿಲಿಗೂ ಕಾರು ಬರುತ್ತದೆ. ಸುತ್ತು ಮಾತ್ರ ಅದರ ಪಾಲಿಗೆ.

ಹನ್ನೆರಡೂವರೆಯ ಹೊತ್ತಿಗೆ ಶಾಲೆ ಬಿಟ್ಟಿತು. ಏಳೆಂಟು ವರ್ಷದ ಮಕ್ಕಳು ಇಬ್ಬರಿಬ್ಬರಾಗಿ, ಹರಟುತ್ತ, ಒಂದು ಕೈ ಬಿಟ್ಟು, ಜೊತೆಗೆ ದೊಡ್ಡವರಿಲ್ಲದೆ ಹೋದರು. ಒಬ್ಬಳ ಚೀಲದಿಂದ ಈಜಿನ ಟವೆಲ್ ಜಾರಿ ಬಿತ್ತು. ಅವಳು ದಾರಿಯ ನಡುವೆಯೇ ಸೈಕಲ್ ಅಡ್ಡ ಹಾಕಿ, ನಿಧಾನವಾಗಿ ಮಡಿಸಿ, ಮತ್ತೆ ತುರುಕಿಕೊಂಡಳು. ಹಿಂದಿನಿಂದ ಬಂದ ಮುದುಕರೊಬ್ಬರು ಸುಮ್ಮನೆ ಬದಿಗೆ ಸರಿದು ಹೋದರು. ಆ ಮಗುವಿಗೆ ಅವಸರವಿರಲಿಲ್ಲ. ರಸ್ತೆಯಲ್ಲಿ ಇಷ್ಟು ನಿರಾಳವಾಗಿ ನಿಂತ ಮಗುವನ್ನು ನಾನು ಬೇರೆಲ್ಲೂ ನೋಡಿದ ನೆನಪಿಲ್ಲ.

ಈ ನಿರಾಳ ಡಚ್ಚರ ಹುಟ್ಟುಗುಣವೇನಲ್ಲ. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡಿದ್ದ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅದನ್ನು ಮಕ್ಕಳ ಕೊಲೆ ಎಂದೇ ಬರೆದರು. ಅಮ್ಮಂದಿರು, ಮಕ್ಕಳು ರಸ್ತೆಗಿಳಿದು ಕೂತರು. 1973ರ ಕೊನೆಗೆ ತೈಲ ಬಿಕ್ಕಟ್ಟು ಬಂದು ಭಾನುವಾರ ಕಾರು ಬಂದ್ ಆಯಿತು. ಖಾಲಿ ಹೆದ್ದಾರಿಯ ಮೇಲೆ ಜನ ಸೈಕಲ್ ತುಳಿದರು. ಮನಸ್ಸಿಗೂ ಖಜಾನೆಗೂ ಒಂದೇ ಕಾಲಕ್ಕೆ ಪೆಟ್ಟು ಬಿದ್ದಾಗಲೇ ಸರ್ಕಾರಕ್ಕೆ ಸೈಕಲ್ ಕಂಡದ್ದು.

ಗುರುವಾರ, ಡೆಲ್ಫ್ಟ್, ರಾಟರ್‌ಡ್ಯಾಮ್

ಕಂಡದ್ದೇನೋ ಸರಿ, ಆದರೆ ಮೊದಲು ದುಡ್ಡು ಹಾಕಿದ್ದು ನಾವೆಲ್ಲ ಹಾಕುವ ರೀತಿಯಲ್ಲೇ. 1970ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ಊರುಗಳಲ್ಲಿ ಒಂದೊಂದು ಮಾದರಿ ಸೈಕಲ್ ಪಥ ಕಟ್ಟಿಸಿತು. ಚೆಂದದ ನೆಲಹಾಸು, ಬೇರೆಯದೇ ಬಣ್ಣ, ಉದ್ಘಾಟನೆ. ಆ ದಾರಿಗಳಲ್ಲಿ ಸೈಕಲ್ ಹೆಚ್ಚಾಯಿತು. ಆದರೆ ಬಹುಪಾಲು ಪಕ್ಕದ ಬೀದಿಗಳಲ್ಲಿ ಹೋಗುತ್ತಿದ್ದವರೇ ಇಲ್ಲಿಗೆ ಬಂದಿದ್ದರು. ಕಾರು ಬಿಟ್ಟು ಸೈಕಲ್ ಹಿಡಿದವರು ತೀರಾ ಕಡಿಮೆ. ಒಂದು ಪಥ ಎಷ್ಟೇ ಚೆನ್ನಾಗಿದ್ದರೂ ಅದರ ತುದಿಗೆ ಬಂದಾಗ ಲಾರಿ ಎದುರಾದರೆ ತಾಯಿ ಮಗುವನ್ನು ಕಳಿಸುವುದಿಲ್ಲ.

ಆ ಪಾಠ ಕಲಿತ ಮೇಲೆ ಆರಿಸಿಕೊಂಡ ಊರು ಡೆಲ್ಫ್ಟ್. 1980ರ ದಶಕದಲ್ಲಿ ಇಲ್ಲಿ ಒಂದು ಪಥದ ಬದಲು ಇಡೀ ಊರಿಗೆ ಜಾಲ ಹೆಣೆದರು. ಊರಗಲದ ದಾರಿಗಳು ಸುಮಾರು 500 ಮೀಟರಿಗೆ ಒಂದು, ಬಡಾವಣೆಯವು ಅದರ ಅರ್ಧಕ್ಕೆ, ಓಣಿಯವು 100 ಮೀಟರಿನ ಆಸುಪಾಸಿಗೆ. ಹೊಸದಾಗಿ ಕಟ್ಟಿದ್ದಕ್ಕಿಂತ ಕೂಡಿಸಿದ್ದೇ ಹೆಚ್ಚು: ಇಲ್ಲೊಂದು ಕಾಲುವೆಗೆ ಸಣ್ಣ ಸೇತುವೆ, ಅಲ್ಲೊಂದು ರಸ್ತೆಯಡಿಯ ಸುರಂಗ, ಮತ್ತೆಲ್ಲೋ ಗೋಡೆಗೆ ಒಂದು ಕಿಂಡಿ, ಏಕಮುಖ ಬೀದಿಯಲ್ಲಿ ಸೈಕಲ್ಲಿಗೆ ಎರಡೂ ಕಡೆ ಅನುಮತಿ. ಓಡಾಟದಲ್ಲಿ ಸೈಕಲ್ಲಿನ ಪಾಲು ಶೇ 40ರಿಂದ 43ಕ್ಕೆ ಏರಿತು. ಕೇಳಲು ಸಣ್ಣದು, ಆದರೆ ಜನ ಆಗಲೇ ಅಷ್ಟು ತುಳಿಯುತ್ತಿದ್ದ ಊರಿನಲ್ಲಿ ಬಂದ ಏರಿಕೆ ಅದು. ಇಂದಿಗೂ ಡೆಲ್ಫ್ಟ್‌ನಲ್ಲಿ ತಿರುಗಿದರೆ ಫೋಟೋ ತೆಗೆಯುವಂಥದ್ದು ಏನೂ ಸಿಗುವುದಿಲ್ಲ. ಎಲ್ಲಿಗೆ ಹೊರಟರೂ ದಾರಿ ಮುಗಿಯುವುದಿಲ್ಲ, ಅಷ್ಟೇ. ಪತ್ರಿಕೆಯಲ್ಲಿ ಚಿತ್ರ ಬರದ ಕೆಲಸಕ್ಕೆ ದುಡ್ಡು ಮಂಜೂರು ಮಾಡಿಸುವುದು ಎಷ್ಟು ಕಷ್ಟ ಎಂದು ಬಲ್ಲ ನನಗೆ ಈ ಊರಿನ ಮೇಲೆ ಗೌರವ ಹುಟ್ಟಿತು.

ಕಾರು ನಡಿಗೆಯ ವೇಗದಲ್ಲಿ ಹೋಗಬೇಕಾದ, ಬೀದಿಯ ಪೂರ್ತಿ ಅಗಲದಲ್ಲೂ ಮಕ್ಕಳು ಆಡಬಹುದಾದ ವಸತಿ ಬೀದಿಗಳೂ ಮೊದಲು ರೂಪುಗೊಂಡದ್ದು ಈ ಊರಿನಲ್ಲೇ. 1976ರಲ್ಲಿ ಅವಕ್ಕೆ ಕಾನೂನಿನ ಬಲ ಬಂತು. ಅಂಥದೊಂದು ಬೀದಿಯ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು.

ರಾಟರ್‌ಡ್ಯಾಮಿನಲ್ಲಿ ನೋಡಿದ್ದು ಒಂದೇ, ಮಾಸ್ ನದಿಯಡಿಯ ಸುರಂಗ. 1942ರಲ್ಲಿ, ಊರು ಜರ್ಮನರ ಹಿಡಿತದಲ್ಲಿದ್ದಾಗ ಸದ್ದಿಲ್ಲದೆ ತೆರೆದದ್ದು. ಕಾರುಗಳ ಕೊಳವೆಗಳ ಪಕ್ಕದಲ್ಲಿ ಸೈಕಲ್ಲಿಗೆ ಒಂದು, ಅದರ ಕೆಳಗೆ ನಡೆಯುವವರಿಗೆ ಇನ್ನೊಂದು. ಇಳಿಯುವುದು ಮರದ ಹಲಗೆಯ ಎಸ್ಕಲೇಟರಿನಲ್ಲಿ. ಮುಂದಿನ ಗಾಲಿ ಒಂದು ಮೆಟ್ಟಿಲ ಮೇಲೆ, ಹಿಂದಿನದು ಅದಕ್ಕೂ ಮೇಲಿನ ಮೆಟ್ಟಿಲಲ್ಲಿ, ಎರಡೂ ಬ್ರೇಕು ಬಿಗಿಹಿಡಿದು ನಿಲ್ಲಬೇಕು. ಹಲಗೆಗಳು ಕಟಕಟ ಎನ್ನುತ್ತ ಇಳಿಯುತ್ತವೆ, ಹಳೆಯ ಗ್ರೀಸಿನ ವಾಸನೆ. ಕೆಳಗೆ ಸುಮಾರು 600 ಮೀಟರ್ ಟೈಲ್ಸ್ ಗೋಡೆಯ ನಡುವೆ ತುಳಿದು ಆಚೆ ದಡ ಸೇರಿದೆ. ಅಕ್ಕ ಸೈಕಲ್ ತಂದಿರಲಿಲ್ಲ, ಕೆಳಗಿನ ಕೊಳವೆಯಲ್ಲಿ ನಡೆದು ಬಂದಳು. "ನಾನೊಬ್ಬಳೇ ಇದ್ದೆ ಕಣೋ ಅಲ್ಲಿ, ನನ್ನ ಹೆಜ್ಜೆಯ ಸದ್ದಿಗೆ ನಾನೇ ಹೆದರಿದೆ" ಅಂದಳು.

ಶುಕ್ರವಾರ, ಐಂಡ್‌ಹೋವನ್, ನೈಮೇಖನ್

ಬೆಳಿಗ್ಗೆ ಐಂಡ್‌ಹೋವನ್‌ನ ಪ್ರಸಿದ್ಧ ತೂಗುವೃತ್ತ. ದೊಡ್ಡ ಜಂಕ್ಷನ್ನಿನ ಮೇಲೆ 70 ಮೀಟರಿನ ಕಂಬ, 24 ಕೇಬಲ್, ಅವಕ್ಕೆ ತೂಗುಬಿದ್ದ 72 ಮೀಟರ್ ವ್ಯಾಸದ ಸೈಕಲ್ ವೃತ್ತ. ಮೊದಲು ತೆರೆದಾಗ ಗಾಳಿಗೆ ಕೇಬಲ್‌ಗಳು ನಡುಗಿ ಮುಚ್ಚಬೇಕಾಯಿತು. ಸರಿಪಡಿಸಿ 2012ರಲ್ಲಿ ಮತ್ತೆ ಬಿಟ್ಟರು. ಕಣ್ಣಿಗೆ ಹಬ್ಬ ನಿಜ. ನನಗೆ ಹಿಡಿಸಿದ್ದು ಕೆಳಗಿನ ಸಂಗತಿ: ಸೈಕಲ್ಲಿನವರಿಗೆ ಏರು ಕಡಿದಾಗದಿರಲೆಂದು ಕೆಳಗಿನ ಕಾರು ರಸ್ತೆಯನ್ನೇ ಸುಮಾರು ಒಂದೂವರೆ ಮೀಟರ್ ತಗ್ಗಿಸಿದ್ದಾರೆ. ಆದರೂ ಕಾರಿಗೆ ನೇರ ದಾರಿ ಬಿಟ್ಟು ಸೈಕಲ್ಲನ್ನು ಮೇಲೆ ಕಳಿಸಿದ್ದು ಹೌಟನ್ ನೋಡಿ ಬಂದ ಕಣ್ಣಿಗೆ ಸ್ವಲ್ಪ ಚುಚ್ಚಿತು.

ಮಧ್ಯಾಹ್ನ ನೈಮೇಖನ್. ವಾಲ್ ನದಿಯ ರೈಲು ಸೇತುವೆಯ ಮಗ್ಗುಲಿಗೆ 2004ರಲ್ಲಿ ಸೈಕಲ್ ಸೇತುವೆಯನ್ನು ಅಂಟಿಸಿದ್ದಾರೆ. ಅದನ್ನು ದಾಟಿದರೆ ಆರ್ನೆಮ್‌ವರೆಗೆ ಸುಮಾರು 16 ಕಿಲೋಮೀಟರಿನ ವೇಗದ ಸೈಕಲ್ ಮಾರ್ಗ, 2015ರದು. ಅಗಲವಾದ ಕೆಂಪು ಡಾಂಬರು, ದೊಡ್ಡ ರಸ್ತೆಗಳ ಕೆಳಗೆ ಸುರಂಗ. ಎದುರುಗಾಳಿ ಮಾತ್ರ ಯಾವ ಇಲಾಖೆಯ ಮಾತೂ ಕೇಳುವುದಿಲ್ಲ. ಸೂಟು ಹಾಕಿದವನೊಬ್ಬ ಬ್ಯಾಟರಿ ಸೈಕಲ್ಲಿನಲ್ಲಿ ನನ್ನನ್ನು ಹಿಂದಿಕ್ಕಿ ಹೋದ. ಅಕ್ಕನದೂ ಬ್ಯಾಟರಿಯದೇ. ಅವಳು ಮುಂದೆ ಹೋಗಿ ನಿಂತು ಕಾಯುವುದು, ನಾನು ಏದುಸಿರು ಬಿಡುತ್ತ ತಲುಪುವುದು, ಹೀಗೆ ಆರ್ನೆಮ್ ಬಂತು.

ದಾರಿಯುದ್ದಕ್ಕೂ ಕವಲುಗಳಲ್ಲಿ ಹಸಿರು ಅಂಕಿಗಳ ಫಲಕ. ನಕ್ಷೆಯಲ್ಲಿ ಅಂಕಿಗಳನ್ನು ಗುರುತಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರಾಯಿತು, ಊರ ಹೆಸರು ಓದಲು ಬರದಿದ್ದರೂ ದಾರಿ ತಪ್ಪುವುದಿಲ್ಲ. ಇದು ಪಕ್ಕದ ಬೆಲ್ಜಿಯಂನಿಂದ ಬಂದದ್ದು. ಹ್ಯೂಗೋ ಬೊಲೆನ್ ಎಂಬ ಗಣಿ ಎಂಜಿನಿಯರ್ 1990ರ ದಶಕದಲ್ಲಿ, ಗಣಿಯೊಳಗಿನ ಕವಲುಗಳಿಗೆ ಅಂಕಿ ಹಾಕುವ ಪದ್ಧತಿಯನ್ನು ಸೈಕಲ್ ದಾರಿಗೆ ತಂದರು. ಒಂದು ಕಂಬ, ಒಂದು ತಗಡು, ಎರಡು ಅಂಕಿ. ನನ್ನ ಪಟ್ಟಿಯಲ್ಲಿ ಇದರ ದರ ಒಂದೇ ಸಾಲು.

ಶನಿವಾರ, ಗ್ರೋನಿಂಗನ್

ಯೂಟ್ರೆಕ್ಟ್‌ನಿಂದ ಉತ್ತರಕ್ಕೆ ಎರಡು ಗಂಟೆಯ ರೈಲು. ಸ್ಟೇಷನ್ನಿನ ಎದುರಿನ ಅಂಗಳವನ್ನೇ ಮಾಳಿಗೆಯಂತೆ ಎತ್ತಿ, ಅದರಡಿ ಸಾವಿರಾರು ಸೈಕಲ್ ಇಟ್ಟಿದ್ದಾರೆ. ಮಾಳಿಗೆಯ ತೂತುಗಳಿಂದ ಮರಗಳು ತಲೆ ಎತ್ತಿವೆ. ಅಕ್ಕನ ಒಂದೇ ಕಾರ್ಡಿಗೆ ರೈಲ್ವೆಯವರ ಬಾಡಿಗೆ ಸೈಕಲ್ ಎರಡು ಸಿಕ್ಕವು.

ಇಷ್ಟು ದೂರ ಬಂದದ್ದು 1977ರ ಸೆಪ್ಟೆಂಬರಿನ ಒಂದು ಕಥೆಗಾಗಿ. ಊರಿನ ನಡುಭಾಗ ಆಗ ಕಾರುಗಳಿಂದ ಗಿಜಿಗುಡುತ್ತಿತ್ತು. ನಗರಾಡಳಿತದಲ್ಲಿ ಸಂಚಾರದ ಹೊಣೆ ಹೊತ್ತಿದ್ದವರು ಮಾಕ್ಸ್ ಫಾನ್ ಡೆನ್ ಬೆರ್ಗ್, ವಯಸ್ಸು ಮೂವತ್ತರ ಆಸುಪಾಸು. ನಡುಭಾಗವನ್ನು ನಾಲ್ಕು ಹೋಳು ಮಾಡಿದರು. ಕಾರು ಯಾವ ಹೋಳಿಗಾದರೂ ಬರಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಂತಿಲ್ಲ. ಹೊರಗಿನ ವರ್ತುಲಕ್ಕೆ ಹೋಗಿ ಸುತ್ತಿ ಬರಬೇಕು. ಬಸ್ಸು, ಸೈಕಲ್ಲು, ಕಾಲ್ನಡಿಗೆ ಮಾತ್ರ ನೇರ. ಅಂಗಡಿಕಾರರು ಕೆಂಡವಾದರು, ವ್ಯಾಪಾರ ಮುಳುಗಿತು ಎಂದರು. ಆದರೂ ಯೋಜನೆ ಉಳಿಯಿತು. ಇಂದು ಊರೊಳಗಿನ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಸೈಕಲ್ ಮೇಲೆ. ಶನಿವಾರದ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ನಾನು ಸಂತೆಯ ಅಂಚಿನಲ್ಲಿ ನಿಂತು 1977ರ ಆ ಕೆಲಸಕ್ಕೆ ಅಂದಾಜುಪಟ್ಟಿ ಬರೆದು ನೋಡಿದೆ. ಸಂಚಾರ ಫಲಕಗಳು, ಬಣ್ಣ, ಅಡ್ಡಗಟ್ಟೆಗಳು, ಏಕಮುಖದ ಬಾಣಗಳು. ಮುಗಿಯಿತು. ಸೋಮವಾರ ನೋಡಿದ ನೀರಡಿಯ ಪೆಟ್ಟಿಗೆಯ ಖರ್ಚಿನ ಮುಂದೆ ಇದು ಚಿಲ್ಲರೆ. ಆ ಪೆಟ್ಟಿಗೆ ಬೇಡವೆನ್ನುತ್ತಿಲ್ಲ. ಅಷ್ಟು ಸೈಕಲ್ ಬಂದ ಮೇಲೆ ಇಡಲು ಜಾಗ ಬೇಕೇ ಬೇಕು. ಆದರೆ ಅವು ಬರುವಂತೆ ಮಾಡಿದ್ದು, ಸುತ್ತು ಯಾರು ಹಾಕಬೇಕು ಎಂದು ಒಬ್ಬರು ಕೂತು ತೀರ್ಮಾನಿಸಿದ್ದು. ಆ ತೀರ್ಮಾನ ಇಲ್ಲದೆ ಬರೀ ಕಾಮಗಾರಿಗೆ ಹಣ ಬಿಡುಗಡೆ ಮಾಡಿದರೆ ಗುತ್ತಿಗೆದಾರನಿಗೆ ಲಾಭ, ಸೈಕಲ್ ಪಥದ ಮೇಲೆ ಕಾರು ಪಾರ್ಕಿಂಗು.

ಅಕ್ಕನ ತಕರಾರು ಬೇರೆ. ಅಂಗಡಿ ಬೀದಿಗಳಲ್ಲಿ ನಡೆಯುವವರಿಗೆಂದು ಹಳದಿ ಇಟ್ಟಿಗೆ ಹಾಸಿದ್ದಾರೆ, ನೋಡಲು ಚೆಂದ. ಆದರೆ ಪಕ್ಕದ ಬೀದಿಗೆ ತಿರುಗಿದರೆ ಫುಟ್‌ಪಾತಿನ ತುಂಬ ನಿಲ್ಲಿಸಿದ ಸೈಕಲ್. ಗಾಲಿಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ರಸ್ತೆಗಿಳಿದು ಹೋಗಬೇಕಾಯಿತು. "ಸೈಕಲ್ಲಿಗೆ ಇಷ್ಟೆಲ್ಲ ಸುರಿದಿದಾರಲ್ಲ, ನಡೆಯೋರಿಗೆ ಎಷ್ಟು ಇಟ್ಟಿದಾರೆ ಅಂತ ನಿನ್ನ ಲೆಕ್ಕದಲ್ಲಿ ತೆಗೆದು ತೋರ್ಸು" ಅಂದಳು.

ತೋರಿಸುವುದು ಕಷ್ಟ, ಅಕ್ಕಾ ಅಂದೆ. ಸೈಕಲ್ ಪಥ, ನಿಲ್ದಾಣ, ಸೇತುವೆ ಇವಕ್ಕೆ ಪ್ರತ್ಯೇಕ ಕಡತ, ಪ್ರತ್ಯೇಕ ಹಣ ಇರುತ್ತದೆ. ಕೇಳಲು ಸಂಘಟನೆಯೂ ಇದೆ, 1975ರಿಂದ. ನಡೆಯುವವರ ದುಡ್ಡು ರಸ್ತೆ ನಿರ್ವಹಣೆಯ ಒಳಗೆಲ್ಲೋ ಅಡಗಿರುತ್ತದೆ, ಬಿಲ್ಲೆ ಬದಲಾವಣೆ, ಚರಂಡಿ ಮುಚ್ಚಳ, ಇತರೆ ಎಂಬ ಸಾಲಿನಲ್ಲಿ. ಕಡಿತ ಬಂದಾಗ ಮೊದಲು ಹೋಗುವುದೂ ಅದೇ. "ಹಾಗಾದ್ರೆ ಅದಕ್ಕೊಂದು ಸಾಲು ಬರೆಯೋರು ಯಾರು? ನಿಮ್ಮಂಥೋರೇ ತಾನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಅಡ್ಡ ನಿಂತಿದ್ದ ಯಾರದೋ ಸೈಕಲ್ಲನ್ನು ಹಿಂಬದಿ ಹಿಡಿದೆತ್ತಿ ಗೋಡೆಗೆ ಒರಗಿಸಿ ಮುಂದೆ ನಡೆದಳು.